ಪಟಪಟ ಓದ್ತಾನೆ, ಏನು ಓದಿದ ಅಂತ ಕೇಳಿದ್ದೀರಾ?

ಇವತ್ತು ನಿಮಗೊಂದು ಸಣ್ಣ ಪರೀಕ್ಷೆ. ಹೆದರಬೇಡಿ, ಕನ್ನಡದಲ್ಲೇ ಇದೆ. ಈ ಎರಡು ವಾಕ್ಯ ಓದಿ.

"ಗಿರಬವು ಪಟ್ಲಿಕೆಯ ಮೇಲೆ ಕುಳಿತು ಮೊಂಬೆಯನ್ನು ಡೊಳಕಿಸಿತು. ಮೊಂಬೆ ಬಿಸಿಯಾಗಿದ್ದರಿಂದ ಗಿರಬಕ್ಕೆ ಕುರುಮಟ್ಟಿ ಬಂತು."

ಓದಿದ್ರಾ? ಈಗ ಪ್ರಶ್ನೆ. ಗಿರಬ ಎಲ್ಲಿ ಕುಳಿತಿತ್ತು? ಪಟ್ಲಿಕೆಯ ಮೇಲೆ. ಗಿರಬ ಏನನ್ನು ಡೊಳಕಿಸಿತು? ಮೊಂಬೆಯನ್ನು. ಗಿರಬಕ್ಕೆ ಕುರುಮಟ್ಟಿ ಬರಲು ಕಾರಣವೇನು? ಮೊಂಬೆ ಬಿಸಿಯಾಗಿದ್ದುದೇ ಕಾರಣ. ಮೂರಕ್ಕೆ ಮೂರು ಅಂಕ. ಶಹಬ್ಬಾಸ್!

ಈಗ ನಾಲ್ಕನೇ ಪ್ರಶ್ನೆ. ಗಿರಬ ಅಂದ್ರೆ ಪ್ರಾಣಿನಾ, ಹಕ್ಕಿನಾ, ಅಥವಾ ಯಾವುದಾದರೂ ಮಿಷನ್ನಾ? ಕುರುಮಟ್ಟಿ ಬಂದ್ರೆ ಒಳ್ಳೇದಾ, ಕೆಟ್ಟದ್ದಾ? ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಾಕಂದ್ರೆ ಆ ಪದಗಳು ಯಾವ ನಿಘಂಟಿನಲ್ಲೂ ಇಲ್ಲ, ಈ ಕಾರ್ಯಕ್ರಮಕ್ಕೆ ಅಂತ ನಾನೇ ಹುಟ್ಟಿಸಿದ್ದು. ಅರ್ಥವೇ ಇಲ್ಲದ ವಾಕ್ಯ ಓದಿ ನೀವು ನೂರಕ್ಕೆ ನೂರು ತಗೊಂಡ್ರಿ.

ಇದು ತಮಾಷೆ ಅಲ್ಲ ಸ್ವಾಮಿ. ನಮ್ಮ ಹೈಸ್ಕೂಲುಗಳ ಇಂಗ್ಲಿಷ್ ಪೀರಿಯಡ್‌ನಲ್ಲಿ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಲಕ್ಷಾಂತರ ಮಕ್ಕಳು ದಿನಾ ಮಾಡ್ತಿರೋದು ಇದನ್ನೇ. ಪ್ರಶ್ನೆಯಲ್ಲಿರೋ ಪದವನ್ನು ಪಾಠದಲ್ಲಿ ಹುಡುಕು, ಅದರ ಅಕ್ಕಪಕ್ಕದಲ್ಲಿ ಇರೋದನ್ನು ಎತ್ತಿ ಬರಿ. ಅಂಕ ಬರುತ್ತೆ. ಅರ್ಥ ಆಗಬೇಕು ಅನ್ನೋ ಅಗತ್ಯವೇ ಇಲ್ಲ. ಎಷ್ಟೋ ಸಲ ಪಾಠದಲ್ಲಿ ಹುಡುಕುವ ತೊಂದರೆಯೂ ಇಲ್ಲ, ಗೈಡ್ ಇದೆಯಲ್ಲ!

ಒಂದು ಇಂಗ್ಲಿಷ್ ಪಾಠ ಕ್ಲಾಸಿನಲ್ಲಿ ಹೇಗೆ ನಡೆಯುತ್ತೆ ಅಂತ ನಿಮ್ಮ ಮನೆಯ ಮಗುವನ್ನೇ ಕೇಳಿ. ಮೇಷ್ಟ್ರು ಒಂದು ಸಾಲು ಓದ್ತಾರೆ, ಕನ್ನಡದಲ್ಲಿ ಅರ್ಥ ಹೇಳ್ತಾರೆ. ಇನ್ನೊಂದು ಸಾಲು, ಇನ್ನೊಂದು ಅರ್ಥ. ಬೋರ್ಡಿನ ಮೇಲೆ ಹೊಸ ಪದಗಳು, ಎದುರಿಗೆ ಕನ್ನಡ ಅರ್ಥ. ಪಾಠ ಮುಗಿದ ಮೇಲೆ ಪ್ರಶ್ನೋತ್ತರ. ಉತ್ತರವನ್ನು ಮೇಷ್ಟ್ರೇ ಹೇಳ್ತಾರೆ, ಮಕ್ಕಳು ನೋಟ್ಸ್ ಬರ್ಕೋತಾರೆ, ಮೇಷ್ಟ್ರು ಕೆಂಪು ಪೆನ್ನಲ್ಲಿ ಸಹಿ ಹಾಕ್ತಾರೆ, ಮಕ್ಕಳು ಬಾಯಿಪಾಠ ಮಾಡ್ತಾರೆ. ಈ ಇಡೀ ವ್ಯವಹಾರದಲ್ಲಿ ಆ ಪಾಠವನ್ನು ಓದಿದವರು ಯಾರು? ಮೇಷ್ಟ್ರು ಒಬ್ಬರೇ! ಮಕ್ಕಳು ಕೇಳಿಸಿಕೊಂಡರು, ಬರೆದುಕೊಂಡರು, ಒಪ್ಪಿಸಿದರು. ಓದಲಿಲ್ಲ.

ನಮ್ಮ ರಾಜ್ಯದ ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದಲ್ಲಿ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಅನ್ನೋ ಕಥೆ ಇದೆ. ನೀವೆಲ್ಲ ಟಿವಿಯಲ್ಲಿ ನೋಡಿದವರೇ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್'ನ ಅದೇ ಸ್ವಾಮಿ. ಹುಲಿಯನ್ನು ಎದುರಿಸಿದ ಹಳ್ಳಿ ಹುಡುಗನ ಸುದ್ದಿಯನ್ನು ಅಪ್ಪ ಪೇಪರ್‌ನಲ್ಲಿ ಓದ್ತಾರೆ. ಧೈರ್ಯ ಇದ್ದರೆ ಏನು ಬೇಕಾದರೂ ಸಾಧ್ಯ ಅಂತ ವಾದ ಹೂಡಿ, ನೀನೂ ಇವತ್ತು ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ನೋಡೋಣ ಅಂತ ಸ್ವಾಮಿಗೆ ಸವಾಲು ಹಾಕ್ತಾರೆ. ಸ್ವಾಮಿ ಗಡಗಡ ನಡುಗ್ತಾ ಬೆಂಚಿನ ಕೆಳಗೆ ಸೇರ್ಕೋತಾನೆ. ರಾತ್ರಿ ಏನೋ ಕಪ್ಪಗೆ ಓಡಾಡುತ್ತೆ. ಭಯಕ್ಕೆ ಅದರ ಕಾಲನ್ನು ಗಬಕ್ಕನೆ ಕಚ್ತಾನೆ. ನೋಡಿದರೆ ಕಳ್ಳ! ಬೆಳಗಾಗುವಷ್ಟರಲ್ಲಿ ಸ್ವಾಮಿ ಹೀರೋ. ಪೊಲೀಸರು ಹೊಗಳ್ತಾರೆ, ಹೆಡ್‌ಮಾಸ್ಟರ್ ಹೊಗಳ್ತಾರೆ. ಮಾರನೇ ರಾತ್ರಿ ಹೀರೋ ಎಲ್ಲಿ? ಅಜ್ಜಿಯ ಪಕ್ಕದಲ್ಲಿ!

ಎಂಥಾ ಚಂದದ ಕಥೆ ನೋಡಿ. ಈ ಕಥೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ ಒಂದು. ಸ್ವಾಮಿ ನಿಜಕ್ಕೂ ಧೈರ್ಯವಂತನಾ? ನಾರಾಯಣ್ ಅವರು ಆ ಹೆಸರಿಟ್ಟಿದ್ದು ಹೊಗಳೋಕೋ, ಕಾಲೆಳೆಯೋಕೋ? ಅಪ್ಪನ ವಾದ ಗೆದ್ದಿತಾ, ಸೋತಿತಾ? ಇದಕ್ಕೆ ಉತ್ತರ ಯಾವ ಸಾಲಿನಲ್ಲೂ ನೇರವಾಗಿ ಬರೆದಿಲ್ಲ. ಸಾಲುಗಳ ನಡುವೆ ಇದೆ. ಇಬ್ಬರು ಹುಡುಗರು ಎರಡು ಉತ್ತರ ಕೊಡಬಹುದು, ಇಬ್ಬರೂ ಕಥೆಯಿಂದಲೇ ಸಾಕ್ಷಿ ತೋರಿಸಬಹುದು. ಹಾಗೆ ಸಾಕ್ಷಿ ಹುಡುಕೋದಕ್ಕೇ ಓದು ಅಂತ ಹೆಸರು. ಆದರೆ ಕ್ಲಾಸಿನಲ್ಲಿ ಏನಾಗುತ್ತೆ? ಕಳ್ಳನ ಕಾಲು ಕಚ್ಚಿದವರು ಯಾರು? ಸ್ವಾಮಿ. ಮುಂದಿನ ಪ್ರಶ್ನೆ.

ಓದು ಅಂದ್ರೇನು ಅಂತ ಸ್ವಲ್ಪ ಬಿಡಿಸಿ ನೋಡೋಣ. 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನೋ ಇಬ್ಬರು ವಿದ್ವಾಂಸರು ಒಂದು ಸರಳ ಲೆಕ್ಕ ಕೊಟ್ಟರು. ಓದಿ ಅರ್ಥ ಮಾಡಿಕೊಳ್ಳುವ ಶಕ್ತಿಯಲ್ಲಿ ಎರಡು ಭಾಗ. ಒಂದು, ಅಕ್ಷರ ನೋಡಿ ಪದ ಗುರುತಿಸೋದು. ಇನ್ನೊಂದು, ಆ ಭಾಷೆಯನ್ನು ಯಾರಾದರೂ ಮಾತಾಡಿದರೆ ಕೇಳಿ ಅರ್ಥ ಮಾಡಿಕೊಳ್ಳೋದು. ಅವರು ಇವೆರಡನ್ನೂ ಕೂಡಿಸಲಿಲ್ಲ, ಗುಣಿಸಿದರು. ಯಾಕೆ ಗೊತ್ತಾ? ಕೂಡಿಸಿದರೆ ಒಂದು ಸೊನ್ನೆಯಾದರೂ ಇನ್ನೊಂದು ಉಳಿಯುತ್ತೆ. ಗುಣಿಸಿದರೆ, ಒಂದು ಸೊನ್ನೆಯಾದರೆ ಎಲ್ಲಾ ಸೊನ್ನೆ.

ನಮ್ಮ ಮಕ್ಕಳ ವಿಷಯದಲ್ಲಿ ಇಲ್ಲೊಂದು ವಿಚಿತ್ರ ಇದೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಬಂದುಬಿಟ್ಟರೆ ಮಗು ಯಾವ ಪದವನ್ನು ಬೇಕಾದರೂ ಓದುತ್ತೆ. ಬರೆದಂತೆ ಓದು, ಓದಿದಂತೆ ಬರಿ. ಓದಿದ ಪದ ಮನೆಯಲ್ಲಿ ಕೇಳಿದ ಪದವೇ ಆಗಿರುತ್ತೆ, ಅರ್ಥ ತಾನಾಗಿ ಹಿಂದೆ ಬರುತ್ತೆ. ಇಂಗ್ಲಿಷ್ ಹಾಗಲ್ಲ. ಸಿ ಯು ಟಿ ಕಟ್ ಆದರೆ ಪಿ ಯು ಟಿ ಪುಟ್! ಆ ಗೋಜಲನ್ನು ದಾಟಿ ನಮ್ಮ ಹುಡುಗ ಕಷ್ಟಪಟ್ಟು ಪಟಪಟ ಓದೋಕೆ ಕಲೀತಾನೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಖುಷಿಯೋ ಖುಷಿ. ನೆಂಟರ ಮುಂದೆ ಓದಿಸ್ತಾರೆ. ಆದರೆ ಬಾಯಿಂದ ಬರೋ ಶಬ್ದದ ಹಿಂದೆ ಅರ್ಥ ಬರ್ತಿದೆಯಾ ಅಂತ ಯಾರೂ ನೋಡೋದಿಲ್ಲ. ಗಿರಬ ಪಟ್ಲಿಕೆಯ ಮೇಲೆ ಕುಳಿತುಬಿಟ್ಟಿರುತ್ತೆ.

ಅಂಕಿ ಅಂಶ ಬೇಕಾ? 'ಅಸರ್' ವರದಿಯ ಹೆಸರು ಕೇಳಿದ್ದೀರಿ. 2023ರಲ್ಲಿ ಅವರು 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳನ್ನು ನೋಡಿದರು. ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇಕಡಾ 57.3. ಆ ಓದಬಲ್ಲವರಲ್ಲಿ ಅರ್ಥ ಹೇಳಬಲ್ಲವರು ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ. ಲೆಕ್ಕ ಹಾಕಿ. ನೂರು ಮಕ್ಕಳಲ್ಲಿ 57 ಮಕ್ಕಳು ಓದಿದರು, ಸುಮಾರು 42 ಮಕ್ಕಳಿಗೆ ಅರ್ಥ ಆಯ್ತು. ಮಧ್ಯದಲ್ಲಿ ಕಳೆದುಹೋದ ಆ ಹದಿನೈದು ಮಕ್ಕಳು ಇದಾರಲ್ಲ, ಅವರ ಬಗ್ಗೆ ಯಾರಿಗೂ ಚಿಂತೆ ಇಲ್ಲ. ಯಾಕಂದ್ರೆ ಅವರು ಓದ್ತಾರೆ! ಓದಲು ಬಾರದವನು ಕಣ್ಣಿಗೆ ಬೀಳ್ತಾನೆ. ಅರ್ಥ ಆಗದೇ ಓದುವವನು ಕಣ್ಣಿಗೆ ಬೀಳೋದೇ ಇಲ್ಲ. ಅಂದಹಾಗೆ ಅಲ್ಲಿ ಕೊಟ್ಟಿದ್ದು ಪುಟ್ಟ ಪುಟ್ಟ ವಾಕ್ಯಗಳು, ಹತ್ತನೇ ಕ್ಲಾಸಿನ ಪಾಠ ಅಲ್ಲ.

ಹಾಗಾದರೆ ಓದುವ ಕೌಶಲ ಅಂತ ಮೇಷ್ಟ್ರ ತರಬೇತಿಯಲ್ಲಿ ಏನೇನೋ ಹೆಸರು ಹೇಳ್ತಾರಲ್ಲ, ಸ್ಕಿಮ್ಮಿಂಗ್, ಸ್ಕ್ಯಾನಿಂಗ್, ಇನ್‌ಫರೆನ್ಸ್, ಅವೆಲ್ಲ ಏನು? ದೊಡ್ಡ ಹೆಸರಿಗೆ ಹೆದರಬೇಡಿ. ನೀವು ದಿನಾ ಟೀ ಅಂಗಡಿಯಲ್ಲಿ ಕೂತು ಮಾಡೋದೇ ಅದು. ಪೇಪರ್ ಕೈಗೆ ಬಂದ ತಕ್ಷಣ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಯಾರಾದರೂ ಓದ್ತಾರಾ? ಹೆಡ್ಡಿಂಗ್ ನೋಡಿ, ಫೋಟೋ ನೋಡಿ, ಮೊದಲ ಎರಡು ಸಾಲಿನ ಮೇಲೆ ಕಣ್ಣಾಡಿಸಿ ಇದು ಯಾವ ಸುದ್ದಿ ಅಂತ ಅಂದಾಜು ಮಾಡ್ತೀರಿ. ಅದು ಸ್ಕಿಮ್ಮಿಂಗ್. ಶಿರಸಿಯವರು ನೇರವಾಗಿ ಅಡಿಕೆ ಧಾರಣೆ ಇರುವ ಕಡೆ ಹೋಗಿ ಇವತ್ತಿನ ರೇಟ್ ಎಷ್ಟು ಅಂತ ಒಂದೇ ಅಂಕಿ ಹುಡುಕ್ತಾರೆ. ಅದು ಸ್ಕ್ಯಾನಿಂಗ್.

ಇನ್‌ಫರೆನ್ಸ್ ಅಂದ್ರೆ? "ಸೀತಮ್ಮ ಆಕಾಶ ನೋಡಿದರು. ಅಂಗಳದಲ್ಲಿ ಒಣಗಿಹಾಕಿದ್ದ ಹಪ್ಪಳ ಎತ್ತಿಕೊಂಡು ಒಳಗೆ ಓಡಿದರು." ಮಳೆ ಅನ್ನೋ ಪದ ಎಲ್ಲೂ ಇಲ್ಲ. ಆದರೂ ಮೋಡ ಕವಿದಿದೆ ಅಂತ ನಿಮಗೆ ಗೊತ್ತಾಯ್ತು. ಬರೆಯದೇ ಬಿಟ್ಟಿದ್ದನ್ನು ಓದಿಕೊಂಡಿರಿ. ಇನ್ನು ಗೊತ್ತಿಲ್ಲದ ಪದವನ್ನು ಊಹಿಸೋದು. ಒಬ್ಬ ರೈತ 'ಪಾರ್ಚ್ಡ್' ಆಗಿದ್ದ, ಬಂದವನೇ ನಾಲ್ಕು ಲೋಟ ನೀರು ಕುಡಿದ ಅಂತ ಇಂಗ್ಲಿಷ್‌ನಲ್ಲಿ ಬರೆದಿದೆ ಅಂದ್ಕೊಳ್ಳಿ. ಪಾರ್ಚ್ಡ್ ಅಂದ್ರೇನು ಅಂತ ನಿಘಂಟು ನೋಡಬೇಕಾ? ನಾಲ್ಕು ಲೋಟ ನೀರೇ ಹೇಳುತ್ತೆ, ಗಂಟಲು ಒಣಗಿತ್ತು ಅಂತ. ಆದರೆ ನಮ್ಮ ಮಗುವಿಗೆ ಈ ಊಹೆ ಮಾಡುವ ಅವಕಾಶವೇ ಸಿಗೋದಿಲ್ಲ. ಪಾಠ ಶುರುವಾಗೋ ಮೊದಲೇ ಪಾರ್ಚ್ಡ್ ಅಂದ್ರೆ 'ಒಣಗಿದ' ಅಂತ ಬೋರ್ಡಿನ ಮೇಲೆ ಇರುತ್ತೆ!

ಇದಕ್ಕಿಂತ ದೊಡ್ಡ ಅಪಾಯ ಸಣ್ಣ ಪದಗಳಲ್ಲಿದೆ. ಇದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ವಿದ್ಯಾರ್ಥಿವೇತನದ ಒಂದು ನೋಟಿಸ್ ಇಂಗ್ಲಿಷ್‌ನಲ್ಲಿ ಬಂದಿದೆ ಅಂದ್ಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದ ಹೊರತು ಅರ್ಜಿಯನ್ನು ಪರಿಗಣಿಸುವುದಿಲ್ಲ ಅಂತ ಅದರ ಅರ್ಥ. ಹುಡುಗಿಗೆ ಅಪ್ಲಿಕೇಶನ್ ಗೊತ್ತು, ಬ್ಯಾಂಕ್ ಗೊತ್ತು, ಆಧಾರ್ ಗೊತ್ತು. ಗೊತ್ತಿಲ್ಲದ್ದು 'ಅನ್‌ಲೆಸ್' ಅನ್ನೋ ಒಂದು ಪುಟ್ಟ ಪದ. ಅದರಲ್ಲೇ ಇಡೀ ನೋಟಿಸಿನ ಪ್ರಾಣ ಇರೋದು. ಅದು ತಪ್ಪಿದರೆ ವಿದ್ಯಾರ್ಥಿವೇತನ ತಪ್ಪಿತು. ಅನ್‌ಲೆಸ್, ಆಲ್‌ದೋ, ಹವೆವರ್, ಪ್ರೊವೈಡೆಡ್. ಇವು ವಾಕ್ಯದ ಕೀಲುಗಳು. ಬಾಗಿಲು ಯಾವ ಕಡೆ ತೆರೆಯುತ್ತೆ ಅಂತ ಹೇಳೋದು ಕೀಲು. ಕನ್ನಡದಲ್ಲಿ ಈ ಕೆಲಸವನ್ನು ನಾವು ಕ್ರಿಯಾಪದದ ಬಾಲದಲ್ಲೇ ಮಾಡಿಮುಗಿಸ್ತೀವಿ: ಬಂದರೆ, ಬಂದರೂ, ಬಾರದಿದ್ದರೆ. ನಮಗೆ ಬಾಲ, ಅವರಿಗೆ ತಲೆಯಲ್ಲೋ ಮಧ್ಯದಲ್ಲೋ ಒಂದು ಬೇರೆಯೇ ಪದ. ಈ ವ್ಯತ್ಯಾಸವನ್ನು ಕೂರಿಸಿಕೊಂಡು ಹೇಳಿಕೊಡಬೇಕು. ಪದಕೋಶದ ಪಟ್ಟಿಯಲ್ಲಿ ಇದು ಸಿಗೋದಿಲ್ಲ. ಆ ಪಟ್ಟಿಯಲ್ಲಿ ಇರೋದು ಬರೀ ದೊಡ್ಡ ದೊಡ್ಡ ಪದಗಳು. ಸಾಲದ ಆ್ಯಪ್‌ಗಳು ಫೋನಿನಲ್ಲಿ ತೋರಿಸುವ ಷರತ್ತುಗಳನ್ನು ಒಮ್ಮೆ ನೋಡಿ. ಅಲ್ಲಿ ಜನರನ್ನು ಮುಳುಗಿಸೋದು ದೊಡ್ಡ ಪದಗಳಿಗಿಂತ ಹೆಚ್ಚಾಗಿ ಈ ಕೀಲುಗಳೇ.

ಓದಿನ ಮಾತು ಬಂದಾಗ ನಮ್ಮ ದೇಶಕ್ಕೆ ಹೊಸದೇನೂ ಇಲ್ಲ. ಸುಮಾರು ನೂರು ವರ್ಷದ ಹಿಂದೆ ಢಾಕಾದಲ್ಲಿ ಮೈಕೆಲ್ ವೆಸ್ಟ್ ಅಂತ ಒಬ್ಬ ಬ್ರಿಟಿಷ್ ಶಿಕ್ಷಣ ಅಧಿಕಾರಿ ಇದ್ದ. ಬಂಗಾಳದ ಹುಡುಗರಿಗೆ ಇಂಗ್ಲಿಷ್ ಕಲಿಸೋದು ಹೇಗೆ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು 1926ರಲ್ಲಿ ಒಂದು ವರದಿ ಬರೆದ. ಅವನ ಪ್ರಶ್ನೆ ಬಹಳ ಸರಳ. ಈ ಹುಡುಗರಲ್ಲಿ ಬಹುಪಾಲು ಜನ ಓದನ್ನು ಮಧ್ಯದಲ್ಲೇ ಬಿಡ್ತಾರೆ. ಬಿಟ್ಟು ಹೋಗುವಾಗ ಅವರ ಕೈಗೆ ಏನು ಸಿಗುತ್ತೆ? ಇದಕ್ಕೆ ಅವನು ಬಳಸಿದ ಮಾತು 'ಸರೆಂಡರ್ ವ್ಯಾಲ್ಯೂ'. ಹೌದು, ನಿಮ್ಮ ಎಲ್‌ಐಸಿ ಪಾಲಿಸಿಯಲ್ಲಿ ಇರೋ ಅದೇ ಮಾತು. ಪಾಲಿಸಿಯನ್ನು ಮಧ್ಯದಲ್ಲಿ ಬಿಟ್ಟರೂ ಒಂದಿಷ್ಟು ವಾಪಸ್ ಬರಬೇಕಲ್ಲವಾ? ಅರ್ಧಂಬರ್ಧ ಕಲಿತ ಮಾತು ಬೇಗ ಮರೆತುಹೋಗುತ್ತೆ, ಓದೋದು ಒಮ್ಮೆ ಬಂದರೆ ಅದರ ಬಲದ ಮೇಲೆ ಮನುಷ್ಯ ಮುಂದೆ ತಾನೇ ಕಲೀತಾನೆ ಅಂತ ಅವನ ವಾದ. ಮೂವತ್ತು ದಿನದಲ್ಲಿ ಇಂಗ್ಲಿಷ್ ಮಾತಾಡಿ ಅಂತ ಬಸ್ ಸ್ಟ್ಯಾಂಡ್ ಗೋಡೆಯಲ್ಲೆಲ್ಲಾ ಪೋಸ್ಟರ್ ಅಂಟಿಸುವ ಕಾಲದಲ್ಲಿ ಈ ವಾದ ಯಾರಿಗೂ ರುಚಿಸೋದಿಲ್ಲ. ಆದರೆ ಹತ್ತನೇ ಕ್ಲಾಸಿಗೇ ಶಾಲೆ ಬಿಡುವ ನಮ್ಮ ಯಾದಗಿರಿಯ ಹುಡುಗಿಗೆ ಇಂಗ್ಲಿಷ್‌ನ ಸರೆಂಡರ್ ವ್ಯಾಲ್ಯೂ ಎಷ್ಟು ಅಂತ ನಾವು ಇವತ್ತಿಗೂ ಕೇಳಿಲ್ಲ. 2007-08ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ. ಹತ್ತು ವರ್ಷದ ಪ್ರೀಮಿಯಂ ಕಟ್ಟಿದ್ದಾಳೆ ಅವಳು!

ಇನ್ನೊಂದು ಕಥೆ ನಮ್ಮ ಬೆಂಗಳೂರಿನದೇ. ಪ್ರಪಂಚದ ಯಾವ ದೇಶದಲ್ಲಾದರೂ ಇಂಗ್ಲಿಷ್ ಶಿಕ್ಷಕರ ತರಬೇತಿಗೆ ಹೋಗಿ, 'ಬೆಂಗಳೂರು ಪ್ರಾಜೆಕ್ಟ್' ಅಂದರೆ ಅವರಿಗೆ ಗೊತ್ತಿರುತ್ತೆ. ಬೆಂಗಳೂರಿನಲ್ಲಿ ಕೇಳಿದರೆ ಮೆಟ್ರೋ ಪ್ರಾಜೆಕ್ಟಾ ಅಂತಾರೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅನ್ನೋ ಭಾಷಾತಜ್ಞರು, ನಮ್ಮ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಬ್ರಿಟಿಷ್ ಕೌನ್ಸಿಲ್ ಜೊತೆ ಸೇರಿ, ಬೆಂಗಳೂರು, ಮದರಾಸು ಮೊದಲಾದ ಕಡೆಯ ಕೆಲವು ಮಾಮೂಲಿ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣ ಪಾಠ ಬೇಡ, ಬಾಯಿಪಾಠ ಬೇಡ. ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ ಕೊಡೋದು, ಒಂದು ನಕ್ಷೆ ಕೊಡೋದು, ಒಂದು ಲೆಕ್ಕ ಕೊಡೋದು. ಎಲ್ಲಾ ಇಂಗ್ಲಿಷ್‌ನಲ್ಲಿ. ಇಂಥ ಊರಿನಿಂದ ಬೆಳಿಗ್ಗೆ ಹೊರಟವನು ಮಧ್ಯಾಹ್ನ ಮೂರು ಗಂಟೆಯೊಳಗೆ ಇಂಥ ಊರು ಸೇರಬೇಕು, ಯಾವ ರೈಲು ಹಿಡೀಬೇಕು? ಈ ತರಹದ ಸಮಸ್ಯೆ. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಮಾತಾಡ್ತಾ ಒಂದು ಸಮಸ್ಯೆ ಬಿಡಿಸ್ತಾರೆ. ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಅಂಕ ಕೊಡೋದು ಉತ್ತರ ಸರಿ ಇದ್ದರೆ. ವಾಕ್ಯದಲ್ಲಿ ಈಸ್, ವಾಸ್ ತಪ್ಪಿದ್ದರೆ ತಲೆ ಕೆಡಿಸಿಕೊಳ್ಳೋ ಹಾಗಿಲ್ಲ.

ಇದರಲ್ಲಿರೋ ಚಾಣಾಕ್ಷತನ ಗಮನಿಸಿ. ಗೈಡ್ ಕೆಲಸಕ್ಕೆ ಬರೋದಿಲ್ಲ! ನಾಳೆ ವೇಳಾಪಟ್ಟಿಯ ಒಂದು ಸಾಲು ಬದಲಾಯಿಸಿದರೆ ಉತ್ತರವೇ ಬದಲು. ಓದದೇ ಬೇರೆ ದಾರಿಯೇ ಇಲ್ಲ. ಪ್ರಯೋಗದ ಕೊನೆಗೆ ಎಡಿನ್‌ಬರೋ ವಿಶ್ವವಿದ್ಯಾಲಯದವರು ಬಂದು ಮಕ್ಕಳನ್ನು ಪರೀಕ್ಷೆ ಮಾಡಿದರು. ಭರ್ಜರಿ ಗೆಲುವು ಅಂತ ಅವರೇನೂ ಡಂಗುರ ಹೊಡೆಯಲಿಲ್ಲ, ಎಚ್ಚರಿಕೆಯಿಂದಲೇ ಮೆಚ್ಚಿದರು. 1987ರಲ್ಲಿ ಪ್ರಭು ಇದನ್ನು ಪುಸ್ತಕ ಮಾಡಿದರು. ಪ್ರಪಂಚದ ಇಂಗ್ಲಿಷ್ ಮೇಷ್ಟ್ರುಗಳು ಆ ಪುಸ್ತಕ ಓದಿ ತಮ್ಮ ಕ್ಲಾಸು ಬದಲಾಯಿಸಿಕೊಂಡರು. ನಾವು? ಗೈಡ್ ಕೊಂಡುಕೊಂಡ್ವಿ.

ಮೇಷ್ಟ್ರನ್ನು ಬೈದರೆ ಈ ಕಾರ್ಯಕ್ರಮಕ್ಕೆ ಟಿಆರ್‌ಪಿ ಬರುತ್ತೆ, ನಾನು ಬೈಯೋದಿಲ್ಲ. ಆ ಮೇಷ್ಟ್ರ ಜಾಗದಲ್ಲಿ ನಿಂತು ನೋಡಿ. ಎಷ್ಟೋ ಹೈಸ್ಕೂಲಲ್ಲಿ ಮೂರೂ ಕ್ಲಾಸಿಗೆ ಇಂಗ್ಲಿಷ್‌ಗೆ ಇರೋದು ಒಬ್ಬರೇ. ಅವರೂ ಇಲ್ಲದ ಕಡೆ ಬೇರೆ ವಿಷಯದವರು ಸಂಭಾಳಿಸ್ತಾರೆ. ಡಿಸೆಂಬರ್ ಒಳಗೆ ಪಾಠ ಮುಗಿಸಬೇಕು. ಫಲಿತಾಂಶ ಕಡಿಮೆಯಾದರೆ ಮೇಲಿನವರಿಂದ ನೋಟಿಸ್. ಸರಿ, ಜನವರಿ ಬಂತು ಅಂದ್ರೆ 'ಪಾಸಿಂಗ್ ಪ್ಯಾಕೇಜ್' ಹೊರಗೆ ಬರುತ್ತೆ. ಇಷ್ಟು ಪ್ರಶ್ನೆ, ಒಂದು ಪದ್ಯ, ಒಂದು ಪತ್ರ, ಇಷ್ಟು ಕಲಿತರೆ ಪಾಸ್ ಗ್ಯಾರಂಟಿ. ಪ್ಯಾಕೇಜ್‌ನಲ್ಲಿ ಓದು ಇಲ್ಲ, ಯಾಕಂದ್ರೆ ಪರೀಕ್ಷೆ ಅದನ್ನು ಕೇಳೋದೇ ಕಮ್ಮಿ. ದ್ವಿತೀಯ ಭಾಷೆಯ ಪತ್ರಿಕೆ 80 ಅಂಕದ್ದು. ಅದರಲ್ಲಿ ಮಗು ಮೊದಲು ನೋಡಿರದ ಗದ್ಯಭಾಗ ಕೊಟ್ಟು ಅರ್ಥವಾಯ್ತಾ ಅಂತ ಕೇಳೋದು ಬೆರಳೆಣಿಕೆಯ ಅಂಕಕ್ಕೆ. ಅದರಲ್ಲೂ ಪ್ರಶ್ನೆ ಗಿರಬದ ತರಹದ್ದೇ, ಪದ ಹುಡುಕು, ಎತ್ತಿ ಬರಿ. ಪತ್ರಿಕೆ ಏನು ಕೇಳುತ್ತೋ ಮೇಷ್ಟ್ರು ಅದನ್ನೇ ಕಲಿಸ್ತಾರೆ. ಯಾವ ದೇಶದ ಮೇಷ್ಟ್ರಾದರೂ ಅಷ್ಟೇ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದಾಗ ಏನಾಯ್ತು ಅಂತ ನೆನಪಿದೆಯಲ್ಲ? ಹಿಂದಿನ ವರ್ಷ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಕೃಪಾಂಕವನ್ನು ಧಾರಾಳವಾಗಿ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. ಆಗ ನಾವೆಲ್ಲ ನಕಲಿನ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡಿದ್ವಿ. ಚೀಟಿ ನೋಡಿ ಬರೆಯೋದು ನಕಲು. ತಲೆಯೊಳಗೆ ಚೀಟಿ ಇಟ್ಟುಕೊಂಡು, ಅರ್ಥ ಗೊತ್ತಿಲ್ಲದೇ ಬರೆಯೋದು ಏನು? ಅದನ್ನು ಯಾವ ಕ್ಯಾಮೆರಾನೂ ಹಿಡಿಯೋದಿಲ್ಲ.

ಪೆಟ್ಟು ಬೀಳೋದು ಆಮೇಲೆ. ಕನ್ನಡ ಮೀಡಿಯಂನ ಹುಡುಗಿ, ಇಂಗ್ಲಿಷ್‌ನಲ್ಲಿ 90 ಬಂದಿದೆ, ಊರೆಲ್ಲಾ ಪೇಡ ಹಂಚಿದ್ದಾರೆ. ಪಿಯು ಸೈನ್ಸ್‌ಗೆ ಸೇರ್ತಾಳೆ. ಫಿಸಿಕ್ಸ್ ಪುಸ್ತಕ ತೆಗೀತಾಳೆ. ಒಂದು ಪುಟ ಓದೋಕೆ ಒಂದು ಗಂಟೆ. ಬಲ, ವೇಗ, ರಾಶಿ ಎಲ್ಲಾ ಕನ್ನಡದಲ್ಲಿ ಅವಳಿಗೆ ಚೆನ್ನಾಗಿ ಗೊತ್ತು. ಅಲ್ಲಿ ನಿಲ್ಲೋದು ಭೌತಶಾಸ್ತ್ರ ಅಲ್ಲ, ವಾಕ್ಯ. ಆದರೆ ಅವಳು ಏನಂದ್ಕೋತಾಳೆ? ನನಗೆ ಸೈನ್ಸ್ ತಲೆಗೆ ಹತ್ತಲ್ಲ ಅಂದ್ಕೋತಾಳೆ. ಮನೆಯವರೂ ಹಾಗೇ ಅಂದ್ಕೋತಾರೆ. ಮೂರು ತಿಂಗಳಿಗೆ ಸೆಕ್ಷನ್ ಬದಲಾಯಿಸಿಕೊಡಿ ಸಾರ್ ಅಂತ ಪ್ರಿನ್ಸಿಪಾಲರ ಮುಂದೆ ನಿಂತಿರ್ತಾಳೆ. ಆ 90 ಅವಳಿಗೆ ಸುಳ್ಳು ಹೇಳಿತ್ತು.

ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೀವಿ, ನಮಗೆ ಈ ತೊಂದರೆ ಇಲ್ಲ ಅಂತ ಯಾರೋ ನಿಟ್ಟುಸಿರು ಬಿಟ್ಟ ಹಾಗಾಯ್ತು. ಸ್ವಲ್ಪ ತಡೀರಿ. ಅಲ್ಲಿ ಇಂಗ್ಲಿಷ್ ಒಂದೇ ಅಲ್ಲ, ಸಮಾಜ, ವಿಜ್ಞಾನ ಎಲ್ಲವನ್ನೂ ಇದೇ ರೀತಿ ಅರ್ಥವಿಲ್ಲದೇ ಉರು ಹೊಡೆಯುವ ಮಕ್ಕಳು ಬೇಕಾದಷ್ಟು ಇದ್ದಾರೆ. ಕನ್ನಡ ಮೀಡಿಯಂ ಬೇಕಾ, ಇಂಗ್ಲಿಷ್ ಮೀಡಿಯಂ ಬೇಕಾ ಅಂತ ನಮ್ಮ ಸ್ಟುಡಿಯೋದಲ್ಲೇ ಎಷ್ಟು ಸಲ ಕುರ್ಚಿ ಅಲ್ಲಾಡಿದೆಯೋ ಲೆಕ್ಕ ಇಲ್ಲ. ಎರಡೂ ಕಡೆಯವರು ಕಿರುಚಿ ಮನೆಗೆ ಹೋಗ್ತಾರೆ. ಯಾವ ಮೀಡಿಯಂನಲ್ಲಾದರೂ ಮಗುವಿಗೆ ಓದಿದ್ದು ಅರ್ಥ ಆಗ್ತಿದೆಯಾ ಅಂತ ಕೇಳಿದರೆ ಎರಡೂ ಕಡೆ ಮೌನ.

ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ಒಂದು ಮಾತು ಹೇಳಿದರು. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಬೆಳೆದ ಓದಿನ ಜಾಣ್ಮೆ ಇನ್ನೊಂದು ಭಾಷೆಗೂ ದಾಟುತ್ತೆ. ಕನ್ನಡದಲ್ಲಿ ಕಥೆ ಓದಿ ಇದರ ತಾತ್ಪರ್ಯ ಏನು, ಲೇಖಕ ವ್ಯಂಗ್ಯ ಮಾಡ್ತಿದ್ದಾನಾ ಅಂತ ಯೋಚಿಸೋ ಅಭ್ಯಾಸ ಇರೋ ಹುಡುಗ ಇಂಗ್ಲಿಷ್‌ನಲ್ಲೂ ಅದನ್ನೇ ಮಾಡ್ತಾನೆ. ಆದರೆ ಸೇತುವೆ ದಾಟೋಕೆ ಆ ಕಡೆ ಕಾಲಿಡಲು ಒಂದಿಷ್ಟು ನೆಲ ಬೇಕು. ಆ ನೆಲ ಅಂದ್ರೆ ಪದಗಳು. ಯಾರ ಸಹಾಯವೂ ಇಲ್ಲದೇ ಒಂದು ಪುಟ ಅರ್ಥವಾಗಬೇಕು ಅಂದ್ರೆ ಅದರಲ್ಲಿ ನೂರಕ್ಕೆ 98 ಪದ ಮೊದಲೇ ಗೊತ್ತಿರಬೇಕು ಅಂತ 2000ನೇ ಇಸವಿಯ ಒಂದು ಸಂಶೋಧನೆ ಹೇಳುತ್ತೆ. ಹೂ ಮತ್ತು ನೇಶನ್ ಅನ್ನೋರು ಮಾಡಿದ್ದು. ಅಂದ್ರೆ ಐವತ್ತು ಪದಕ್ಕೆ ಒಂದೇ ಒಂದು ಹೊಸ ಪದ. ಈಗ ಹತ್ತನೇ ಕ್ಲಾಸಿನ ಪುಸ್ತಕ ತೆಗೆದು, ಒಂದು ಪುಟದಲ್ಲಿ ಗೊತ್ತಿಲ್ಲದ ಪದಕ್ಕೆಲ್ಲಾ ಪೆನ್ಸಿಲ್‌ನಲ್ಲಿ ಗೆರೆ ಎಳೆಯೋಕೆ ಮಗುವಿಗೆ ಹೇಳಿ. ಪುಟವೇ ಕಪ್ಪಾಗುತ್ತೆ. ಅಷ್ಟು ಕಷ್ಟದ ಪುಟದ ಮೇಲೆ ಯಾರೂ ಓದೋದನ್ನು ಕಲಿಯೋಕೆ ಆಗೋದಿಲ್ಲ. ಅದಕ್ಕೇ ಸುಲಭದ ಪುಸ್ತಕ ಬೇಕು. ಹತ್ತನೇ ಕ್ಲಾಸಿನವನು ನಾಲ್ಕನೇ ಕ್ಲಾಸಿನ ಇಂಗ್ಲಿಷ್ ಕಥೆಪುಸ್ತಕ ಓದಿದರೆ ಅವಮಾನ ಅಲ್ಲ. ಶಾಲೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕಗಳಲ್ಲಿ ಅಂಥವು ಇದ್ದೇ ಇರ್ತವೆ. ಬೀಗದ ಕೈ ಯಾರ ಹತ್ರ ಇದೆ ಅಂತ ಮೊದಲು ವಿಚಾರಿಸಬೇಕು, ಅಷ್ಟೇ.

ಬೋರ್ಡ್ ಮಾಡಬೇಕಾದ ಕೆಲಸವೂ ಬೆಟ್ಟದಷ್ಟಿಲ್ಲ. ಪತ್ರಿಕೆಯಲ್ಲಿ ಕಂಠಪಾಠದ ಅಂಕ ಇಳಿಸಿ, ನೋಡಿರದ ಬರಹದ ಅಂಕ ಏರಿಸಲಿ. ಬಸ್ಸಿನ ವೇಳಾಪಟ್ಟಿ, ಔಷಧಿ ಚೀಟಿ, ಕೆಲಸದ ಜಾಹೀರಾತು, ಒಂದು ಸಣ್ಣ ಕಥೆ, ಯಾವುದನ್ನಾದರೂ ಕೊಡಲಿ. ಒಂದೆರಡು ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಬರೆಯಲು ಬಿಡಲಿ. ಅಯ್ಯೋ, ಇಂಗ್ಲಿಷ್ ಪತ್ರಿಕೆಗೆ ಕನ್ನಡದಲ್ಲಿ ಉತ್ತರವಾ ಅಂತೀರಾ? ನಾವು ಅಳೀತಿರೋದು ಓದು ಅರ್ಥವಾಯ್ತಾ ಅನ್ನೋದನ್ನು. ಬರೆಯೋ ಇಂಗ್ಲಿಷನ್ನು ಅಳೆಯೋಕೆ ಪತ್ರಲೇಖನ ಬೇರೆ ಇದೆಯಲ್ಲ. ಅರ್ಥವಾದವನು ಕನ್ನಡದಲ್ಲಿ ಖಂಡಿತಾ ಹೇಳ್ತಾನೆ. ಅರ್ಥವಾಗದವನು ಎತ್ತಿ ಬರೆಯೋಕೆ ಅಲ್ಲಿ ಜಾಗವೇ ಇರೋದಿಲ್ಲ. ಗಿರಬ ಅಲ್ಲೇ ಸಿಕ್ಕಿಬೀಳುತ್ತೆ.

ಕೊನೆಗೆ ತಂದೆ ತಾಯಂದಿರಿಗೆ. ನಮಗೇ ಇಂಗ್ಲಿಷ್ ಬರಲ್ಲ, ನಾವೇನು ನೋಡೋಕಾಗುತ್ತೆ ಅಂತ ನೀವು ಸುಮ್ಮನಾಗ್ತೀರಿ. ಬರದಿದ್ದರೂ ಪರವಾಗಿಲ್ಲ. ಮನೆಯಲ್ಲಿರೋ ಯಾವುದಾದರೂ ಇಂಗ್ಲಿಷ್ ಬರಹ ತಗೊಳ್ಳಿ. ಕೆಮ್ಮಿನ ಸಿರಪ್ ಡಬ್ಬಿ, ಮಿಕ್ಸಿಯ ಜೊತೆ ಬಂದ ಚೀಟಿ, ಬ್ಯಾಂಕಿನಿಂದ ಫೋನಿಗೆ ಬಂದ ಮೆಸೇಜ್. ಪಾಠದ ಪುಸ್ತಕ ಮಾತ್ರ ಬೇಡ, ಅದರ ಉತ್ತರ ಬಾಯಲ್ಲೇ ಇರುತ್ತೆ. ಗಟ್ಟಿಯಾಗಿ ಓದೋದು ಬೇಡಪ್ಪಾ, ಮನಸ್ಸಿನಲ್ಲೇ ಓದು ಅನ್ನಿ. ಎರಡು ನಿಮಿಷ ಬಿಡಿ. ಆಮೇಲೆ ಚೀಟಿಯನ್ನು ನಿಮ್ಮ ಕೈಗೆ ತಗೊಂಡು, ಇದರಲ್ಲಿ ಏನು ಹೇಳಿದಾರೆ ಅಂತ ಕನ್ನಡದಲ್ಲಿ ಹೇಳು ಅನ್ನಿ. ಊಟದ ಮೊದಲೋ ನಂತರವೋ? ದಿನಕ್ಕೆ ಎಷ್ಟು ಸಲ? ನಿಮಗೆ ಆ ಚೀಟಿ ಓದೋಕೆ ಬರದಿದ್ದರೂ, ಮಗು ಅರ್ಥ ಮಾಡಿಕೊಂಡು ಹೇಳ್ತಿದೆಯೋ ತಡವರಿಸ್ತಿದೆಯೋ ಅಂತ ಮುಖ ನೋಡಿದರೆ ಗೊತ್ತಾಗುತ್ತೆ. ತಡವರಿಸಿದರೆ ಬೈಯಬೇಡಿ. ಚೀಟಿ ವಾಪಸ್ ಕೈಗೆ ಕೊಟ್ಟು, ಯಾವ ಸಾಲಿನಲ್ಲಿ ನಿಂತೆ ಅಂತ ಬೆರಳಿಟ್ಟು ತೋರಿಸೋಕೆ ಹೇಳಿ. ನಾಳೆ ಬೆಳಿಗ್ಗೆ ಆ ಸಾಲನ್ನೇ ಇಂಗ್ಲಿಷ್ ಮೇಷ್ಟ್ರ ಹತ್ರ ಕಳಿಸಿ.